ಮುರುಗಮಲ್ಲಕ್ಕೆ ಹೋದ ಫೋನು

ಆವತ್ತು ನಾನು ಕಳೆದುಹೋಗಿರಲಿಲ್ಲ. ಕಳೆದುಹೋಗಿದ್ದು ನನ್ನ ಫೋನು. ಅದು ಟೊಮೆಟೊ ಕ್ರೇಟಿನಲ್ಲಿ ಕೂತು ಮುರುಗಮಲ್ಲಕ್ಕೆ ಹೋಯಿತು. ನಾನು ಶಿಡ್ಲಘಟ್ಟದ ದಾರಿಯ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಆರಿಸುತ್ತಾ ಕೂತಿದ್ದೆ. ನಡೆದದ್ದು ಇಷ್ಟೇ. ಇದರ ಮೇಲೆ ನಮ್ಮ ಮನೆಯವರು, ಬೀದಿಯವರು, ವಾಟ್ಸಾಪಿನವರು ಹೇಳುವುದೆಲ್ಲ ಅವರವರು ಸೇರಿಸಿಕೊಂಡದ್ದು.

ಇದನ್ನು ಯಾಕೆ ಬರೆಯಬೇಕು ಅಂದರೆ, ಇವತ್ತಿಗೂ ನಮ್ಮ ಬೀದಿಯಲ್ಲಿ ಒಬ್ಬಾಕೆ ನಾನು ರಸ್ತೆ ದಾಟುವಾಗ ಓಡಿಬಂದು ಮೊಣಕೈ ಹಿಡಿದುಕೊಳ್ಳುತ್ತಾಳೆ. ಅವಳಿಗಿಂತ ನನಗೇ ಕಣ್ಣು ಚೆನ್ನಾಗಿ ಕಾಣುತ್ತದೆ. ಬಾಯಲ್ಲಿ ಹೇಳಿದರೆ ಹೌದು ಹೌದು ಅಜ್ಜಿ ಅನ್ನುತ್ತಾಳೆ, ಕೈ ಬಿಡುವುದಿಲ್ಲ. ಬರೆದಿಟ್ಟರೆ ಹಾಗೆ ತಲೆಯಾಡಿಸಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲಿನ ಓದೆಲ್ಲ ಪೊಟ್ಟಣದ ಕಾಗದದ್ದು. ಬೆಲ್ಲ ಕಟ್ಟಿಕೊಟ್ಟ ಪೇಪರು, ಮೆಣಸಿನಕಾಯಿ ಕಟ್ಟಿಕೊಟ್ಟ ಪೇಪರು, ಬಿಚ್ಚಿ ಒದರಿ ಓದುತ್ತಿದ್ದೆ. ಪದಬಂಧ ಸಿಕ್ಕಿದ್ದೂ ಹಾಗೇ. ಮೊದಲ ಸಲ ನೋಡಿದಾಗ ಅದು ಯಾವುದೋ ಜಮೀನಿನ ನಕ್ಷೆ ಅಂದುಕೊಂಡೆ. ಕಪ್ಪು ಮನೆ, ಬಿಳಿ ಮನೆ, ಮೂಲೆಯಲ್ಲಿ ನಂಬರು. ಅದು ಆಟ ಅಂತ ಗೊತ್ತಾದ ಮೇಲೆ ಬಿಡಲಿಲ್ಲ. ಅರ್ಧಕ್ಕರ್ಧ ತಪ್ಪು ಬರೆಯುತ್ತೇನೆ. ತಪ್ಪು ಬರೆದರೂ ಮನೆ ತುಂಬಬೇಕು, ಖಾಲಿ ಬಿಡುವುದು ನನ್ನ ಜಾಯಮಾನವಲ್ಲ.

ನಾವಿರುವುದು ಚಿಕ್ಕಬಳ್ಳಾಪುರದಲ್ಲಿ. ಮಗ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ. ಸೊಸೆ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮೊಮ್ಮಗಳು ಕಾಲೇಜು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಟಿವಿ. ಟಿವಿಯ ಮಾತು ನನಗೆ ಆಗುವುದಿಲ್ಲ, ನನ್ನ ಮಾತು ಅದಕ್ಕೆ ಕೇಳುವುದಿಲ್ಲ. ಹೀಗಿರುವಾಗ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಬೀದಿಯ ಹೆಂಗಸರೆಲ್ಲ ಗುಂಪು ಕಟ್ಟಿಕೊಂಡು ದೊಡ್ಡ ದೊಡ್ಡ ಕ್ಷೇತ್ರಗಳಿಗೆ ಹೋದರು. ನನಗೆ ದೇವರ ಹತ್ತಿರ ಕೇಳುವ ಕೆಲಸ ಏನೂ ಇರಲಿಲ್ಲ. ನಾನು ಗೌರಿಬಿದನೂರಿಗೆ ಹೋದೆ.

ಅಲ್ಲೇನಿದೆ ಅಂತ ಕೇಳಿದರು. ಗೌರಿಬಿದನೂರು ಇದೆ ಅಂದೆ.

ಅದೇ ಶುರು. ವಾರದಲ್ಲಿ ಒಂದೆರಡು ಸಲ, ಮನೆಯವರೆಲ್ಲ ಹೊರಟ ಮೇಲೆ, ಪುಳಿಯೋಗರೆಯದೋ ಚಿತ್ರಾನ್ನದ್ದೋ ಒಂದು ಡಬ್ಬಿ, ನೀರಿನ ಬಾಟಲು, ಒಂದು ಪದಬಂಧ, ಪೆನ್ನು. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ನಿಂತ ಬಸ್ಸು ಯಾವ ಕಡೆಗೋ ನಾನೂ ಆ ಕಡೆಗೆ. ತೊಂಡೇಬಾವಿಗೆ ಹೋಗಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದು, ಒಂದು ರೈಲು ಬಂದು ಹೋಗುವುದನ್ನು ನೋಡಿ ಎದ್ದುಬಂದಿದ್ದೇನೆ. ಒಂದು ಸಲ ಸ್ಕಂದಗಿರಿ ಹತ್ತಿ ಇಳಿದ ಹುಡುಗ ಹುಡುಗಿಯರ ಗುಂಪು ನಾನಿದ್ದ ಬಸ್ಸು ಹತ್ತಿತು. ಮೈಯೆಲ್ಲ ಮಣ್ಣು. ಅವರಲ್ಲೊಬ್ಬಳು ನನ್ನ ಪಕ್ಕ ಕೂತು, "ಅಜ್ಜಿ, ಒಬ್ರೇ ಬಂದಿದೀರಾ?" ಅಂದಳು. "ನೀವು ಇಷ್ಟು ಜನ ಯಾಕಮ್ಮ ಬಂದಿದೀರಾ, ಬೆಟ್ಟ ಒಬ್ರೇ ಹತ್ತೋಕೆ ಬಿಡಲ್ವಾ?" ಅಂದೆ. ನಮ್ಮ ಊರಿನ ತನಕ ಆ ಗುಂಪು ನಗುತ್ತಲೇ ಇತ್ತು.

ಮೊಮ್ಮಗಳ ಹಳೆಯ ಫೋನು ನನಗೆ ಬಂತು. ಅದರಲ್ಲಿ ಅಕ್ಷರ ಜೋಡಿಸುವ ಒಂದು ಆಟ ಹಾಕಿಕೊಟ್ಟಳು. ಆಟ ಚೆನ್ನಾಗಿದೆ, ಆದರೆ ಅದಕ್ಕೆ ಮರ್ಯಾದೆ ಗೊತ್ತಿಲ್ಲ. ಯಾರೂ ಆಡದ ಪದಕ್ಕೆಲ್ಲ ಚಪ್ಪಾಳೆ ತಟ್ಟುತ್ತದೆ, ನಾನು ದಿನಾ ಆಡುವ ಪದ ಕೊಟ್ಟರೆ ಕೆಂಪಗಾಗುತ್ತದೆ. ಆಡುವಾಗ ಸಾಲ ಬೇಕಾ ಅಂತ ಯಾರ್‍ಯಾರೋ ಫೋನು ಮಾಡುವುದರಿಂದ ಅದನ್ನು ಸೈಲೆಂಟಿಗೆ ಹಾಕಿಡುವುದು ಅಭ್ಯಾಸವಾಯಿತು. ಆಮೇಲೆ ಕೈಗೆ ಕಟ್ಟುವ ಒಂದು ಕಪ್ಪು ಪಟ್ಟಿ ಬಂತು. ಎಷ್ಟು ಹೆಜ್ಜೆ ನಡೆದೆ ಅಂತ ಎಣಿಸುವ ಪಟ್ಟಿ. ಗೌರಿಬಿದನೂರಿನ ದಾರಿಯಲ್ಲಿ ಬಸ್ಸು ಒಂದೊಂದು ಗುಂಡಿಗೆ ಬಿದ್ದಾಗಲೂ ಅದು ಒಂದೊಂದು ಹೆಜ್ಜೆ ಬರೆದುಕೊಂಡಿತು. ಸಂಜೆ ನೋಡಿದರೆ ನಾನು ನಂದಿಬೆಟ್ಟವನ್ನೇ ಹತ್ತಿ ಇಳಿದವಳ ಲೆಕ್ಕ. ಅದನ್ನು ನೋಡಿ ಮಗ, ಮಂಡಿ ನೋವಿಟ್ಟುಕೊಂಡು ಇಷ್ಟು ನಡೀತೀಯಾ ಅಂತ ರೇಗಿದ. ನಾನು ಕೂತೇ ಇದ್ದೆ ಕಣೋ ಅಂದರೆ ನಂಬಲಿಲ್ಲ. ಮಿಷನ್ನು ಸುಳ್ಳು ಹೇಳುತ್ತಾ ಅಂತ ನನ್ನನ್ನೇ ಕೇಳಿದ. ನಾನು ಪಟ್ಟಿ ಬಿಚ್ಚಿ ಅವನ ಮುಂದೆಯೇ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಹೆಜ್ಜೆ ಏರಿತು. ಆದರೂ ಅವನ ಮುಖ ಪೂರ್ತಿ ಒಪ್ಪಲಿಲ್ಲ.

ಕೊನೆಗೆ ನನ್ನ ತಿರುಗಾಟಕ್ಕೆ ಮನೆಯಲ್ಲಿ ಒಂದು ಒಪ್ಪಂದ ಆಯಿತು. ನಾನು ಎಲ್ಲಿದ್ದೇನೆ ಅನ್ನುವುದು ಮಗನ ಫೋನಿನಲ್ಲಿ ಒಂದು ನೀಲಿ ಚುಕ್ಕೆಯಾಗಿ ಕಾಣಬೇಕು. ಮೊಮ್ಮಗಳು ಅದನ್ನೇನೋ ಒತ್ತಿ ಸರಿಮಾಡಿದಳು. ಹಾಗಾದರೆ ನಿನ್ನ ಚುಕ್ಕೆಯೂ ನನ್ನ ಫೋನಿನಲ್ಲಿರಲಿ ಅಂದೆ. ಮಗ ನಕ್ಕುಬಿಟ್ಟ. ನಾನು ತಮಾಷೆಗೆ ಹೇಳಿರಲಿಲ್ಲ. ಆದರೂ ಒಪ್ಪಿಕೊಂಡೆ. ಚುಕ್ಕೆಯಿಂದ ನನಗೇನೂ ತೂಕ ಹೆಚ್ಚಾಗುವುದಿಲ್ಲವಲ್ಲ.

ಇನ್ನು ಗೆಳತಿಯ ವಿಷಯ. ಅವಳೂ ಬಸ್ಸಿನಲ್ಲೇ ಸಿಕ್ಕಿದ್ದು. ಶಿಡ್ಲಘಟ್ಟದ ಬಸ್ಸಿನಲ್ಲಿ ಹಳೇ ಪೇಪರಿನ ದೊಡ್ಡ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಮರಿಹುಳುವಿನ ತಟ್ಟೆಗೆ ಕೆಳಗೆ ಹಾಸಲು ಹಳೇ ಪೇಪರು ಬೇಕು, ತೂಕದ ಮೇಲೆ ತರುತ್ತಾಳೆ. ನಾನು ಕೇಳದೆಯೇ ಕಟ್ಟಿನಿಂದ ಒಂದು ಹಾಳೆ ಎಳೆದು ಪದಬಂಧಕ್ಕೆ ಕೈ ಹಾಕಿದೆ. ಅವಳು ಬೈಯಲಿಲ್ಲ. ಬಗ್ಗಿ ನೋಡಿ, ಮೇಲಿಂದ ಕೆಳಕ್ಕೆ ಎರಡನೆಯದು ತಪ್ಪು ಅಂದಳು. ನೀನು ಹೇಳಿದ್ದೂ ತಪ್ಪು ಅಂದೆ. ಸರಿ ಉತ್ತರ ಮರುದಿನದ ಪೇಪರಿನಲ್ಲಿ ಇರುತ್ತದೆ. ಮರುದಿನದ ಪೇಪರು ಆಗಲೇ ಅವಳ ಮನೆಯಲ್ಲಿ ಹುಳುವಿನ ಕೆಳಗೆ ಸೇರಿತ್ತು. ಯಾರು ಸರಿ ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಸ್ನೇಹ ಉಳಿದದ್ದು ಅದರಿಂದಲೇ ಇರಬೇಕು.

ಅವಳು ಮನೆಯಲ್ಲಿ ತೆಲುಗು ಆಡುವವಳು, ನನಗಿಂತ ಚಿಕ್ಕವಳು, ನನ್ನಷ್ಟೇ ಬಾಯಿ. ನಮ್ಮಿಬ್ಬರದೂ ಒಂದು ಆಟ ಇದೆ. ಒಬ್ಬರು ಪದ ಹೇಳಬೇಕು, ಅದರ ಕೊನೆಯ ಅಕ್ಷರ ಹಿಡಿದು ಇನ್ನೊಬ್ಬರು ಹೇಳಬೇಕು. ಕೊಂಬು ದೀರ್ಘ ಏನಿದ್ದರೂ ನಡೆಯುತ್ತದೆ. ಕನ್ನಡವೂ ಆಗಬಹುದು, ತೆಲುಗೂ ಆಗಬಹುದು. ಆದರೆ ಒಂದು ಕಟ್ಟುಪಾಡು. ಹೇಳುವ ಪದವನ್ನು ನೀನು ನಿನ್ನ ಬಾಳಿನಲ್ಲಿ ಬಾಯಿಂದ ಆಡಿರಬೇಕು. ಓದಿದ್ದು, ಟಿವಿಯಲ್ಲಿ ಕೇಳಿದ್ದು ನಡೆಯುವುದಿಲ್ಲ. ಅನುಮಾನ ಬಂದರೆ ಯಾವಾಗ, ಯಾರಿಗೆ ಆಡಿದೆ ಅಂತ ಹೇಳಬೇಕು. ಒಂದು ಸಲ ನಾನು "ವಕೀಲ" ಅಂದೆ. ಯಾವಾಗ ಆಡಿದೆ ಅಂತ ಕೇಳಿದಳು. ನನ್ನ ಮೈದುನನ ಮುಖದ ಮೇಲೆ, ಜಮೀನಿನ ಭಾಗಕ್ಕೆ ತಕರಾರು ತೆಗೆದಾಗ ಅಂದೆ. ಆ ಕತೆ ಹೇಳುವುದರಲ್ಲಿ ಆಟ ಅಲ್ಲಿಗೇ ನಿಂತಿತು. ಮೊಮ್ಮಗಳು ಹಾಕಿಕೊಟ್ಟ ಫೋನಿನ ಆಟಕ್ಕಿಂತ ಈ ಆಟ ಎಷ್ಟೋ ವಾಸಿ.

ಆವತ್ತು ಬೆಳಿಗ್ಗೆ ಮೊಮ್ಮಗಳು ನನ್ನ ಫೋನನ್ನು ಅದೇನೋ ಘಮಘಮ ನೀರು ಹಾಕಿ ಒರೆಸಿ ಕೊಟ್ಟಳು. ನಾನು ಕನಕಾಂಬರ ಮುಡಿದು ಹೊರಟೆ. ಗೆಳತಿಯ ಹಳ್ಳಿಯಲ್ಲಿ ಇಳಿದು ಅವಳ ಮನೆಗೆ ಹೋದರೆ ಅಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಹುಳು ಹಣ್ಣಾಗಿತ್ತು. ಹುಳು ಹಣ್ಣಾಗುವುದು ಅಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ತಿಳಿಹಳದಿಯಾಗಿ, ನೂಲು ಬಿಡಲು ತಲೆ ಎತ್ತಿ ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟೆಗೆ, ಬಿಡಬೇಕು. ತಡಮಾಡಿದರೆ ನೂಲನ್ನು ಸಿಕ್ಕಸಿಕ್ಕಲ್ಲಿ ಹಾಳುಮಾಡುತ್ತವೆ. ಬರುತ್ತೇವೆ ಅಂದಿದ್ದ ಕೂಲಿ ಹೆಂಗಸರು ಬಂದಿರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿದೆ.

ಹುಳುಮನೆಗೆ ಹಾಗೆಲ್ಲ ನುಗ್ಗಲು ಬಿಡುವುದಿಲ್ಲ. ಕೈಕಾಲು ತೊಳೆದು, ಬಾಗಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು. ವಾಸನೆಯ ವಸ್ತು ಯಾವುದೂ ಆಗದು. ಗೆಳತಿ ನನ್ನ ಹತ್ತಿರ ಬಂದು ಮೂಗು ಎಳೆದಳು.

"ಅಕ್ಕಾ, ಹೂವ ತೆಗಿ. ಆ ಫೋನೇನು ಸೆಂಟು ಹೊಡ್ಕೊಂಡು ಬಂದೈತಾ?"

"ಮದುವೆಗೆ ಹೊರಟಿತ್ತು ಕಣಮ್ಮ, ದಾರಿ ತಪ್ಪಿ ಇಲ್ಲಿಗೆ ಬಂತು."

"ಹೊರಗೇ ಇರ್ಲಿ ಮದುಮಗಳು."

ಚಪ್ಪರದ ಕೆಳಗೆ ನೀಲಿ ಟೊಮೆಟೊ ಕ್ರೇಟುಗಳಿದ್ದವು. ನಮ್ಮ ಕಡೆ ಟೊಮೆಟೊ ಕ್ರೇಟು ಇಲ್ಲದ ಮನೆಯೇ ಇಲ್ಲ. ಕೂರುವುದಕ್ಕೂ ಅದೇ, ಪಾತ್ರೆ ಬೋರಲು ಹಾಕುವುದಕ್ಕೂ ಅದೇ, ಕೋಳಿ ಮುಚ್ಚುವುದಕ್ಕೂ ಅದೇ. ಎಲ್ಲವೂ ಮಂಡಿಯವರದು. ಮಂಡಿ ಅಂದರೆ ಟೊಮೆಟೊ ಹರಾಜು ಹಾಕುವ ಅಂಗಡಿ. ಕ್ರೇಟಿನ ಮೇಲೆ ಅವರ ಅಕ್ಷರ ಬರೆದಿರುತ್ತದೆ, ಒಂದೊಂದು ಮಂಡಿಗೆ ಒಂದೊಂದು ಬಣ್ಣ. ಜನ ಮಾತ್ರ ಅದು ತಮ್ಮದೇ ಅಂದುಕೊಂಡು ಬಳಸುತ್ತಾರೆ. ನಾನು ಫೋನನ್ನೂ ಹೂವನ್ನೂ ಟವೆಲ್ಲಿನಲ್ಲಿ ಸುತ್ತಿ ಒಂದು ಕ್ರೇಟಿನೊಳಗಿಟ್ಟೆ. ಬಿಸಿಲು ತಾಗಬಾರದು, ಕಾಗೆ ಎಳೆಯಬಾರದು ಅಂತ ಅದರ ಮೇಲೆ ಇನ್ನೊಂದು ಕ್ರೇಟು ಕೂರಿಸಿದೆ.

ನಾವು ಒಳಗೆ ಹುಳು ಆರಿಸುತ್ತಾ ಆಟ ಶುರುಮಾಡಿದೆವು. ಕೈ ಕೈಯ ಪಾಡಿಗೆ, ಬಾಯಿ ಬಾಯಿಯ ಪಾಡಿಗೆ. ಚಂದ್ರಿಕೆ, ಕತ್ತಿ, ತಟ್ಟೆ, ಟಪಾಲು, ಲಗೇಜು, ಜಡೆ, ಡಬರಿ. ಹೊರಗೆ ಟೆಂಪೊ ಬಂದ ಸದ್ದು ಕೇಳಿಸಿತು, ಹೋದ ಸದ್ದೂ ಕೇಳಿಸಿತು. ಎದ್ದು ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಊಟಕ್ಕೆ ಹೊರಗೆ ಬಂದರೆ ಚಪ್ಪರದ ಕೆಳಗೆ ಒಂದು ಕ್ರೇಟೂ ಇಲ್ಲ. ನನ್ನ ಚಪ್ಪಲಿ ಮಾತ್ರ ಇದ್ದವು. ಚಿಂತಾಮಣಿಯ ಮಂಡಿಯವನು ಅಲ್ಲಿ ಇಲ್ಲಿ ಉಳಿದ ತನ್ನ ಕ್ರೇಟುಗಳನ್ನು ಕಲೆಹಾಕಲು ಬಂದು, ಇದ್ದದ್ದನ್ನೆಲ್ಲ ಜೋಡಿ ಜೋಡಿಯಾಗಿಯೇ ಎತ್ತಿ ಪೇರಿಸಿಕೊಂಡು ಹೋಗಿದ್ದ. ಗೆಳತಿಯ ಗಂಡ ಮಂಡಿಗೆ ಫೋನು ಮಾಡಿದ. ಕ್ರೇಟುಗಳು ಬಂದವು, ಆಗಲೇ ಬೆಳೆಗಾರರಿಗೆ ಹಂಚಾಗಿಯೂ ಹೋದವು, ವಿಚಾರಿಸಿ ಹೇಳುತ್ತೇವೆ ಅಂದರು. ನನ್ನ ನಂಬರಿಗೆ ಮಾಡಿದ. ಸೈಲೆಂಟು. ಮನೆಗೆ ತಿಳಿಸಣ ಅಂದರೆ ಮಗನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಅದು ಫೋನಿನ ಕೆಲಸ, ನನ್ನದಲ್ಲ. ನನ್ನ ನಂಬರು ಮಗನಿಗೂ ಬಾಯಿಗೆ ಬರುವುದಿಲ್ಲ, ಆಮೇಲೆ ಕೇಳಿ ನೋಡಿದ್ದೇನೆ.

"ಪೋನೀ ಬಿಡಕ್ಕಾ," ಅಂದಳು ಗೆಳತಿ. "ಮಂಡಿ ಕ್ರೇಟು ಎಲ್ಲಿಗ್ ಹೋದ್ರೂ ಮಂಡಿಗೇ ಬರ್ಬೇಕು."

ನನಗೂ ಅದು ಸರಿ ಅನ್ನಿಸಿತು. ಊಟ ಮಾಡಿ ಮತ್ತೆ ಹುಳುಮನೆಗೆ ಹೋದೆ. ಹುಳು ಕಾಯುವುದಿಲ್ಲ. ಕೆಲಸ ಮುಗಿದು ಬಸ್ಸಿಗೆ ಬರುವಾಗ ದಿನಕ್ಕಿಂತ ಸ್ವಲ್ಪ ಹೊತ್ತಾಗಿತ್ತು. ಆಟದಲ್ಲಿ ಪಾಳಿ ನನ್ನದಿತ್ತು. ಅವಳು "ಗೊರವಂಕ" ಅಂದಿದ್ದಳು. ನಾಳೆ ಹೇಳುತ್ತೇನೆ ಅಂತ ಬಸ್ಸು ಹತ್ತಿದೆ.

ಇತ್ತ ಏನಾಯಿತು ಅನ್ನುವುದನ್ನು ಇವರು ಹೇಳಿದ ಮೇಲೆ ಜೋಡಿಸಿಕೊಂಡಿದ್ದೇನೆ. ಮಗ ಮಧ್ಯಾಹ್ನ ಊಟದ ಹೊತ್ತಿಗೆ ದಿನದಂತೆ ಚುಕ್ಕೆ ನೋಡಿದ. ಚುಕ್ಕೆ ಚಿಂತಾಮಣಿಯಲ್ಲಿತ್ತು. ಮತ್ತೆ ನೋಡಿದ. ಚಿಂತಾಮಣಿ ದಾಟಿ ಮುರುಗಮಲ್ಲದ ರಸ್ತೆಯಲ್ಲಿ ಓಡುತ್ತಿತ್ತು. ನಾನು ಆ ಕಡೆಗೆ ಅಷ್ಟು ದೂರ ಯಾವತ್ತೂ ಹೋದವಳಲ್ಲ. ಫೋನು ಮಾಡಿದ, ನಾನು ಎತ್ತಲಿಲ್ಲ. ಮಾಡಿ ಮಾಡಿ ಸೋತ. ಕೊನೆಗೆ ಚುಕ್ಕೆ ಮುರುಗಮಲ್ಲದಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಆಂಧ್ರ. ಬ್ಯಾಂಕಿಗೆ ರಜೆ ಹೇಳಿ, ಪಕ್ಕದ ಮನೆಯವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಅಲ್ಲಿನ ದರ್ಗಾದ ಹತ್ತಿರ ಹೋಗಿ, ಹೂವು ಸಕ್ಕರೆ ಮಾರುವವರಿಗೆಲ್ಲ ನನ್ನ ಫೋಟೊ ತೋರಿಸಿದ. ಚುಕ್ಕೆ ಹಿಡಿದುಕೊಂಡು ಹೋಗಿ ಹೋಗಿ ಒಂದು ಬಳೆ ಅಂಗಡಿಯ ಮುಂದೆ ನಿಂತ. ಅಂಗಡಿಯಾಕೆ ನನ್ನ ಫೋನನ್ನು ಚಾರ್ಜಿಗೆ ಹಾಕಿ, ಪಕ್ಕದಲ್ಲಿ ಬಾಡಿದ ಕನಕಾಂಬರ ಇಟ್ಟಿದ್ದಳಂತೆ. ಅವಳ ಗಂಡ ಟೊಮೆಟೊ ಬೆಳೆಗಾರ, ಮಂಡಿಯಿಂದ ತಂದ ಖಾಲಿ ಕ್ರೇಟಿನಲ್ಲಿ ಸಿಕ್ಕಿತು ಅಂತ ಅವಳು ಹೇಳಿದಳು. ಮಗ ಕೇಳಲಿಲ್ಲ. ಫೋನು ಇಲ್ಲಿದೆ, ಹೂವು ಇಲ್ಲಿದೆ, ಅಮ್ಮ ಎಲ್ಲಿ ಅಂತ ಅವಳನ್ನೇ ಗದರಿಸಿದನಂತೆ. ಪಕ್ಕದ ಮನೆಯವನು ಹೇಳಿದ್ದು ಇದು, ಮಗ ಹೇಳಿದ್ದಲ್ಲ.

ನಾನು ಮನೆಗೆ ಬಂದಾಗ ಬಾಗಿಲ ತುಂಬ ಚಪ್ಪಲಿ. ಒಳಗೆ ಬೀದಿಯ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಯಾರು ಹೋದರು ಅಂತ ನಾನೂ ಒಂದು ಗಳಿಗೆ ಒಳಗೆಲ್ಲ ಕಣ್ಣಾಡಿಸಿದೆ. ನನ್ನನ್ನು ನೋಡಿದ ತಕ್ಷಣ ಎಲ್ಲರೂ ಎದ್ದು ನಿಂತರು. ಆಗ ಗೊತ್ತಾಯಿತು, ಹೋದವಳು ನಾನೇ.

ಮೊಮ್ಮಗಳು ಓಡಿಬಂದು ತಬ್ಬಿಕೊಂಡಳು. ಸೊಸೆ ಅತ್ತಳು. ನಿಜವಾದ ಅಳುವೇ, ಅದರಲ್ಲಿ ಸುಳ್ಳಿಲ್ಲ. ನನ್ನ ಬಗಲಿನ ಚೀಲ ಕಿತ್ತುಕೊಂಡು ನೀರು ಕೊಟ್ಟರು. ಒಬ್ಬಾಕೆ ಜೋರಾಗಿ, ಬಿಡಿಸಿ ಬಿಡಿಸಿ, ನಾನು ಯಾರು ಗೊತ್ತಾಯ್ತಾ ಅಜ್ಜಿ ಅಂತ ಕೇಳಿದಳು. ನನ್ನ ಹತ್ತಿರ ಇಡ್ಲಿ ಪಾತ್ರೆ ತಗೊಂಡು ಹೋಗಿ ವಾಪಸ್ಸು ಕೊಡದವಳು ಅಂದೆ. ಮೊಮ್ಮಗಳೊಬ್ಬಳೇ ನಕ್ಕಿದ್ದು.

ಯಾಕೆ ಹೀಗೆ ಮಾತಾಡಿಸುತ್ತಿದ್ದಾರೆ ಅಂತ ಅರ್ಥವಾಗಿದ್ದು ಮೊಮ್ಮಗಳು ತನ್ನ ಫೋನು ತೋರಿಸಿದಾಗ. ನನ್ನ ಫೋಟೊ ಹಾಕಿ ಸೊಸೆ ಎಲ್ಲ ಗುಂಪುಗಳಿಗೂ ಕಳಿಸಿದ್ದಳು. ಶಾಲೆಯ ಗುಂಪು, ಬೀದಿಯ ಗುಂಪು, ನೆಂಟರ ಗುಂಪು. ಅಲ್ಲಿಂದ ಅದು ಬಸ್ಸಿನವರ ಗುಂಪಿಗೂ ಹೋಗಿತ್ತು. ಕಾಣೆಯಾಗಿದ್ದಾರೆ ಅಂತ ಮೇಲೆ ಬರೆದಿತ್ತು. ಸೀರೆಯ ಬಣ್ಣ ತಪ್ಪು. ಅದು ಹೋಗಲಿ. ಕೊನೆಯಲ್ಲಿ, ಇವರಿಗೆ ಮರೆವಿನ ಕಾಯಿಲೆ ಇದೆ, ಕಂಡವರು ದಯವಿಟ್ಟು ಹಿಡಿದು ಕೂರಿಸಿಕೊಳ್ಳಿ ಅಂತ ಇತ್ತು.

ನಾನು ಅದನ್ನು ಓದಿ ಮುಗಿಸಿ ಮತ್ತೊಂದು ಸಲ ಓದಿದೆ. ಫೋನನ್ನು ಸೊಸೆಯ ಮುಖದ ಮುಂದೆಯೇ ಹಿಡಿದೆ.

"ಯಾವ ಕಾಯಿಲೆ ಇದೆ ನನಗೆ?"

"ಹಂಗೆ ಬರೆದ್ರೆ ಜನ ಬೇಗ ಹುಡುಕ್ತಾರೆ ಅಂತ ಅತ್ತೆ," ಅಂದಳು ಸೊಸೆ. "ಸುಮ್ನೆ ಬರೆದ್ರೆ ಯಾರೂ ಮುಂದಕ್ಕೆ ಕಳಿಸಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಜನ ಹಾಗೇ. ಆದರೆ ಈಗ ಅದನ್ನು ವಾಪಸ್ಸು ತಗೋ ಅಂದೆ. ಸಿಕ್ಕಿದ್ದಾರೆ, ಎಲ್ಲರಿಗೂ ಧನ್ಯವಾದ ಅಂತ ಆಗಲೇ ಹಾಕಿದ್ದೇನೆ ಅಂದಳು. ಸಿಕ್ಕಿದ್ದು ಸರಿ, ಕಾಯಿಲೆ ಇಲ್ಲ ಅಂತಲೂ ಹಾಕು ಅಂದೆ. ಅದನ್ನೆಲ್ಲ ಯಾರು ಓದುತ್ತಾರೆ ಬಿಡಿ ಅತ್ತೆ ಅಂದಳು. ಕಾಯಿಲೆ ಇದೆ ಅನ್ನುವುದನ್ನು ಮಾತ್ರ ಎಲ್ಲರೂ ಓದಿದ್ದರು.

ಅಷ್ಟರಲ್ಲಿ ಮಗ ಬಂದ. ನನ್ನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ಬಂದವನು ನನ್ನ ಮುಂದೆ ಕೂತ. ಮುಖ ಬಸವಳಿದಿತ್ತು. ಬೀದಿಯವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ನಡೆದದ್ದನ್ನು ಹೇಳಿದೆ. ಹುಳು, ಹೂವು, ಕ್ರೇಟು, ಮಂಡಿ. ಕೇಳಿಸಿಕೊಂಡ. ಆಮೇಲೆ ಹೇಳಿದ.

"ಅಮ್ಮ, ಇನ್ಮೇಲೆ ಒಬ್ಬಳೇ ಹೋಗೋದು ಬೇಡ."

"ಯಾಕೆ?"

"ಏನಾದ್ರೂ ಆದ್ರೆ?"

"ಏನಾಯ್ತು ಹೇಳು."

ಅವನು ಯೋಚಿಸಿದ. "ಫೋನು ಮುರುಗಮಲ್ಲಕ್ಕೆ ಹೋಯ್ತು."

"ಹಂಗಾದ್ರೆ ಫೋನನ್ನ ಮನೇಲಿ ಕೂರ್ಸು. ನನ್ನನ್ಯಾಕೆ ಕೂರಿಸ್ತೀಯಾ?"

ಭಾನುವಾರ ಭಾನುವಾರ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ, ಎಲ್ಲಿಗೆ ಬೇಕಾದರೂ. ಕಾರಿನಲ್ಲಿ ಹೋದರೆ ಎಲ್ಲಿಗಾದರೂ ತಲುಪಬಹುದು, ಹೋದ ಹಾಗೆ ಆಗುವುದಿಲ್ಲ. ಪಕ್ಕದಲ್ಲಿ ಯಾರು ಕೂರುತ್ತಾರೆ ಅಂತ ಮೊದಲೇ ಗೊತ್ತಿರುತ್ತದಲ್ಲ. ಇದನ್ನೂ ಹೇಳಿದೆ. ನಾನು ಮಿಷನ್ನಿನ ಮಾತು ಕೇಳಿ ಮುರುಗಮಲ್ಲಕ್ಕೆ ಓಡಿದವಳಲ್ಲ, ನೀನು ಓಡಿದವನು, ಹಾಗಾದರೆ ಕಾಯಿಲೆ ಯಾರಿಗೆ ಅಂತಲೂ ಕೇಳಿದೆ. ಅದು ಸ್ವಲ್ಪ ಜಾಸ್ತಿಯೇ ಆಯಿತು. ಅವನು ಎದ್ದು, ನನ್ನ ಚೀಲದಿಂದ ಆಧಾರ್ ಕಾರ್ಡು ತೆಗೆದು, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಲ್ಲಾದರೂ ಕಳೆದುಹೋದೀತು ಅಂದ. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಟಿಕೆಟ್ಟು ಕೊಡುವುದು ಆ ಕಾರ್ಡು ತೋರಿಸಿದರೆ. ದುಡ್ಡು ಕೊಟ್ಟು ನಾನು ಬಸ್ಸು ಹತ್ತುವವಳಲ್ಲ ಅಂತ ಅವನ ಲೆಕ್ಕ. ಮಗ ತಾನೆ, ಅಷ್ಟು ಮಟ್ಟಿಗೆ ನನ್ನನ್ನು ಬಲ್ಲ.

ಫೋನನ್ನು ಮಾತ್ರ ವಾಪಸ್ಸು ಕೊಟ್ಟ. ಮಲಗುವ ಮುಂಚೆ ಮೊಮ್ಮಗಳನ್ನು ಕರೆದೆ. ನಿಮ್ಮಪ್ಪನ ಚುಕ್ಕೆ ಇದರಲ್ಲಿ ಬರೋ ಹಾಗೆ ಮಾಡಮ್ಮ ಅಂದೆ. ಅಪ್ಪನನ್ನು ಕೇಳಬೇಕು ಅಂದಳು. ಹೋಗಿ ಕೇಳಿದಳೂ. ಏನಾದರೂ ಮಾಡಿಕೊಳ್ಳಿ ಅಂತ ಅವನು ಗೋಡೆಯ ಕಡೆ ತಿರುಗಿ ಮಲಗಿದನಂತೆ. ಅವಳು ಮಾಡಿಕೊಟ್ಟಳು.

ಮರುದಿನ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದ ಹೊತ್ತಿಗೆ ನಾನು ರಾಗಿ ಡಬ್ಬಿಯ ಹಿಂದೆ ಇಟ್ಟಿದ್ದ ನನ್ನ ದುಡ್ಡು ತಗೊಂಡೆ. ಚಿಂತಾಮಣಿಗೆ ಹೋಗುತ್ತೇನೆ, ಅಲ್ಲಿಂದ ಮುರುಗಮಲ್ಲಕ್ಕೆ, ಸಂಜೆ ಬರುತ್ತೇನೆ ಅಂತ ಮೊಮ್ಮಗಳಿಗೆ ಹೇಳಿದೆ. ಕದ್ದು ಹೋಗಲಿಲ್ಲ. ಅವಳು ಹಲ್ಲುಜ್ಜುತ್ತಾ ತಲೆಯಾಡಿಸಿದಳು.

ಬಸ್ಸಿನಲ್ಲಿ ಕಂಡಕ್ಟರು ಹತ್ತಿರ ಬಂದು ನನ್ನ ಮುಖ ನೋಡಿದ, ತನ್ನ ಫೋನು ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಅಜ್ಜಿ, ನಿನ್ನೆ ಕಳೆದೋಗಿದ್ದು ನೀವೇ ಅಲ್ವಾ?"

"ಕಳೆದೋಗಿದ್ದು ಫೋನಪ್ಪ. ಅದೂ ಸಿಕ್ತು. ಚಿಂತಾಮಣಿಗೆ ಒಂದು ಟಿಕೆಟ್ ಕೊಡು."

ಕಾರ್ಡು ತೋರಿಸಿ ಸಾಕು, ನಿಮಗೆ ಫ್ರೀ ಅಂದ. ಕಾರ್ಡಿಲ್ಲ, ದುಡ್ಡು ತಗೋ ಅಂದೆ. ಫೋನಿನಲ್ಲಿದ್ದರೂ ನಡೆಯುತ್ತೆ ಅಂದ. ಅದೂ ಇಲ್ಲ ಅಂದೆ. ಮುಂದಿನ ಸೀಟಿನ ಹೆಂಗಸರು ತಿರುಗಿ ತಿರುಗಿ ನೋಡಿದರು. ಆ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ಟು ತಗೊಂಡ ಹೆಂಗಸು ನಾನೊಬ್ಬಳೇ. ನನಗೆ ಮರೆವು ಅನ್ನುವುದಕ್ಕೆ ಅವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿರಬೇಕು. ಸಿಗಲಿ. ಗೆಳತಿಯ ಹಳ್ಳಿ ಬಂದಾಗ ನಾನು ಇಳಿಯಲಿಲ್ಲ. ಫೋನು ತೆಗೆದು ನೋಡಿದೆ. ಮಗನ ಚುಕ್ಕೆ ಇನ್ನೂ ಮನೆಯಲ್ಲೇ ಇತ್ತು. ಕಾಫಿ ಕುಡಿಯುತ್ತಿರಬೇಕು.

ಹೋಗದೆಯೇ ಹೋದಳು ಅಂತ ಊರೆಲ್ಲ ಆದಮೇಲೆ ಹೋಗಿಬಿಡುವುದೇ ಸರಿ. ಮುರುಗಮಲ್ಲದಲ್ಲಿ ಇಳಿದು ಬಳೆ ಅಂಗಡಿ ಯಾವುದು ಅಂತ ಕೇಳುತ್ತಾ ಹೋದೆ. ನಾಲ್ಕು ಬಳೆ ಅಂಗಡಿ ಇವೆ. ಮೂರನೆಯದರಲ್ಲಿ ಅವಳು ಸಿಕ್ಕಳು. ನನ್ನ ಕೈಯಲ್ಲಿದ್ದ ಫೋನನ್ನು ಮೊದಲು ಗುರುತು ಹಿಡಿದಳು, ಆಮೇಲೆ ನನ್ನನ್ನು.

"ಅರೆ, ಇದು ನಿಮ್ದಾ ಅಮ್ಮಾ? ನಿನ್ನೆ ನಿಮ್ ಬೇಟಾ ಬಂದು ಏನ್ ಗಲಾಟೆ ಮಾಡ್ಬುಟ್ರು."

"ಅದನ್ನ ಕೇಳೋಕೇ ಬಂದೆ ಕಣಮ್ಮ. ಏನೇನು ಅಂದ ನಿನಗೆ?"

ಹೋಗಲಿ ಬಿಡಿ, ಅಮ್ಮ ಸಿಗದೆ ಇದ್ದರೆ ಯಾರಿಗಾದರೂ ಹಾಗೇ ಆಗುತ್ತೆ ಅಂದಳು. ಸ್ಟೂಲು ಎಳೆದು ಕೂರಿಸಿ ಟೀ ತರಿಸಿದಳು. ಬಾಡಿದ ಹೂವನ್ನು ಎಸೆಯದೆ ಕಾಗದದಲ್ಲಿ ಕಟ್ಟಿಟ್ಟಿದ್ದಳು. ಅದನ್ನು ತಗೊಂಡು ಚೀಲಕ್ಕೆ ಹಾಕಿಕೊಂಡೆ. ಅವಳ ಕೈಯಿಂದ ಒಂದು ಡಜನ್ ಹಸಿರು ಬಳೆ ಮೊಮ್ಮಗಳ ಅಳತೆಗೆ ತಗೊಂಡೆ. ಆಮೇಲೆ ಫೋನು ಕೊಟ್ಟು, ಅಂಗಡಿಯ ಬೋರ್ಡು ಕಾಣುವ ಹಾಗೆ ನನ್ನದೊಂದು ಫೋಟೊ ತೆಗಿ ಅಂದೆ. ನಗಿ ಅಮ್ಮಾ ಅಂದಳು. ಇದು ನಗುವ ಫೋಟೊ ಅಲ್ಲ ಅಂದೆ.

ಫೋಟೊವನ್ನು ಬೀದಿಯ ಗುಂಪಿಗೂ ನೆಂಟರ ಗುಂಪಿಗೂ ಹಾಕಿದೆ. ಕೆಳಗೆ ನಾನೇ ಒಂದೊಂದೇ ಅಕ್ಷರ ಒತ್ತಿ ಬರೆದೆ. ನನಗೆ ಮರೆವಿನ ಕಾಯಿಲೆ ಇಲ್ಲ. ಇದು ಮುರುಗಮಲ್ಲ. ಒಬ್ಬಳೇ ಬಂದಿದ್ದೇನೆ. ಈ ಬೋರ್ಡಿನ ಅಂಗಡಿಯಾಕೆ ನನ್ನ ಫೋನು ಕಾಪಾಡಿದವಳು, ನನ್ನ ಮಗ ಅವಳಿಗೆ ಕ್ಷಮಾಪಣೆ ಕೇಳುವುದು ಬಾಕಿ ಇದೆ. ಸಂಜೆ ಬರುತ್ತೇನೆ, ನನ್ನ ಪಾಲಿನ ಮುದ್ದೆ ಇಡಿ.

ಸೊಸೆಯ ಶಾಲೆಯ ಗುಂಪಿಗೆ ಹಾಕಲು ಬರಲಿಲ್ಲ, ಅದರಲ್ಲಿ ನಾನಿಲ್ಲ. ಅದನ್ನು ಅವಳೇ ಹಾಕಬೇಕು. ಹಾಕುವ ತನಕ ಬಿಡುವುದಿಲ್ಲ.

ಕಳಿಸಿದ ಮೇಲೆ ಗೆಳತಿಗೆ ಫೋನು ಮಾಡಿ, ನಿನ್ನೆಯ ಗೊರವಂಕಕ್ಕೆ "ಕಾಯಿಲೆ" ಅಂದೆ. ಅವಳು ಯಾವಾಗ ಆಡಿದ್ದು ಅಂತ ಕೇಳುವಷ್ಟರಲ್ಲಿ ಮಗನ ಹೆಸರು ಪರದೆಯ ಮೇಲೆ ಬಂತು. ಚುಕ್ಕೆ ನೋಡಿದೆ. ಬ್ಯಾಂಕಿನಲ್ಲಿದ್ದ. ಕೆಲಸ ಮಾಡಲಿ ಅಂತ ಫೋನನ್ನು ಸೈಲೆಂಟಿಗೆ ಹಾಕಿದೆ.